ಸ್ಪೀಡ್‌ವೇ ವಿಶ್ವಕಪ್: ಒಬ್ಬೊಬ್ಬರಾಗಿ ಓಡುವವರು ತಂಡವಾಗುವ ಲೆಕ್ಕ

ಕಾರವಾರದಿಂದ ಅಂಕೋಲೆಯವರೆಗಿನ ಊರುಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳು ಆರಂಭವಾಗುತ್ತವೆ. ಅಲ್ಲಿ ಆಡಲು ಬಾರದವನಿಗೆ ಸಿಗಬಹುದಾದ ಒಂದೇ ಗೌರವದ ಜಾಗವೆಂದರೆ ಸ್ಕೋರ್ ಬರೆಯುವ ಮೇಜು. ಹಲವು ವರ್ಷ ಆ ಮೇಜಿನ ಹಿಂದೆ ಕುಳಿತ ನನಗೆ ಯಾವ ಆಟವನ್ನಾದರೂ ಮೊದಲು ಅದರ ಅಂಕಪಟ್ಟಿಯಿಂದ ಓದುವ ಚಾಳಿ ಅಂಟಿಕೊಂಡಿದೆ. ಅದು ಗೊತ್ತಿರುವುದರಿಂದಲೇ ಪೋಲೆಂಡಿನ ವ್ರೋಟ್ಸ್‌ವಾಫ್ ನಗರದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ, 2023ರ ಜುಲೈ 29ರಂದು ಅಲ್ಲಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಸ್ಪೀಡ್‌ವೇ ಎಂಬ ಮಣ್ಣುಹಾದಿಯ ಬೈಕ್ ಓಟದ ವಿಶ್ವಕಪ್ ಫೈನಲ್ ನೋಡಿ ಬಂದವನು, ತಾನೇ ಪೆನ್ನಿನಲ್ಲಿ ತುಂಬಿದ ಅಂಕದ ಹಾಳೆಯನ್ನು ಊರಿಗೆ ಬಂದಾಗ ನನ್ನ ಕೈಗಿತ್ತ. ಅದರಲ್ಲಿ ಇಪ್ಪತ್ತು ಸಾಲುಗಳಿದ್ದವು, ಪ್ರತಿ ಸಾಲಿನಲ್ಲಿ ಕೆಂಪು, ನೀಲಿ, ಬಿಳಿ, ಹಳದಿ ಎಂಬ ನಾಲ್ಕು ಬಣ್ಣದ ಮನೆಗಳಿದ್ದವು, ಅಂಚಿನಲ್ಲಿ ಇಟ್ಟಿಗೆ ಪುಡಿಯಂಥ ದೂಳಿನ ಬೆರಳಚ್ಚು ಉಳಿದಿತ್ತು. ಸ್ಪೀಡ್‌ವೇ ನೋಡಲು ಬರುವವರು ಪೆನ್ನು ಹಿಡಿದೇ ಬರುತ್ತಾರಂತೆ. ಪ್ರತಿ ಓಟ ಮುಗಿದ ಕೂಡಲೇ ಗ್ಯಾಲರಿಯ ತುಂಬ ತಲೆಗಳು ಹಾಳೆಯ ಕಡೆ ಬಾಗುತ್ತವೆ. ಪ್ರೇಕ್ಷಕರೆಲ್ಲ ಸ್ಕೋರ್ ಬರೆಯುವ ಆಟ ಇನ್ನೊಂದು ಇದ್ದರೆ ನಾನು ಕಂಡಿಲ್ಲ.

ಅವನು ಮಾತ್ರ ಗೊಂದಲದಲ್ಲೇ ಇದ್ದ. "ಮಾವಾ, ಪ್ರತಿ ಸಲ ನಾಲ್ಕು ದೇಶದ ನಾಲ್ಕು ಜನ ಓಡ್ತಾರೆ. ಒಬ್ರಿಗೆ ಇನ್ನೊಬ್ರು ಏನೂ ಸಹಾಯ ಮಾಡೂದಿಲ್ಲ. ಇದ್ರಲ್ಲಿ ಟೀಮು ಅಂದ್ರೆ ಎಂತದು?" ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ. ಈ ಕ್ರೀಡೆಯ ತಂಡ ಚಾಂಪಿಯನ್‌ಶಿಪ್ 1960ರಿಂದ ಇಲ್ಲಿಯವರೆಗೆ ಹೆಸರು ಬದಲಿಸಿದ್ದು, ಸವಾರರ ಸಂಖ್ಯೆ ಬದಲಿಸಿದ್ದು, ಕೊನೆಗೆ ಅಂಕ ಕೊಡುವ ಕ್ರಮವನ್ನೇ ಬದಲಿಸಿದ್ದು, ಎಲ್ಲವೂ ತಂಡವೆಂದರೇನು ಎಂಬ ಈ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಬೇರೆ ಬೇರೆ ಉತ್ತರಗಳು.

ಮೊದಲು ಓಟದ ಸ್ವರೂಪ ತಿಳಿಯಬೇಕು. ಮೊಟ್ಟೆಯಾಕಾರದ, ಮಣ್ಣು ಹಾಸಿದ ಹಾದಿಯ ಮೇಲೆ ನಾಲ್ವರು ಸವಾರರು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಾಲ್ಕು ಸುತ್ತು ಓಡುತ್ತಾರೆ. ಹಾದಿಯ ಉದ್ದ 260ರಿಂದ 425 ಮೀಟರ್‌ಗಳ ನಡುವೆ ಇರಬೇಕೆಂಬುದು ನಿಯಮ, ಆದ್ದರಿಂದ ನಮ್ಮ ಜಿಲ್ಲಾ ಕ್ರೀಡಾಕೂಟದ 400 ಮೀಟರ್ ಟ್ರ್ಯಾಕನ್ನು ಕಣ್ಣ ಮುಂದೆ ತಂದುಕೊಂಡರೆ ಅಳತೆ ಹೆಚ್ಚುಕಡಿಮೆ ಸಿಕ್ಕಿತು. ಒಂದು ಓಟ ಸುಮಾರು ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬೈಕಿನ ಎಂಜಿನ್ 500 ಸಿಸಿಯದು, ಒಂದೇ ಸಿಲಿಂಡರಿನದು. ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್. ಕನಿಷ್ಠ ತೂಕ 77 ಕೆ.ಜಿ. ಎಂದು ನಿಗದಿಯಾಗಿದೆ. ನಮ್ಮ ರಸ್ತೆಗಳಲ್ಲಿ ಹಾಲಿನ ಕ್ಯಾನು, ಮೀನಿನ ಬುಟ್ಟಿ ಹೊತ್ತು ಓಡಾಡುವ 100 ಸಿಸಿಯ ಬೈಕು ಸುಮಾರು 110 ಕೆ.ಜಿ. ತೂಗಿ ಎಂಟರ ಆಸುಪಾಸಿನ ಅಶ್ವಶಕ್ತಿ ಕೊಡುತ್ತದೆ. ಅದಕ್ಕಿಂತ 30 ಕೆ.ಜಿ.ಗೂ ಹೆಚ್ಚು ಹಗುರವಾದ ಚೌಕಟ್ಟಿಗೆ ಅದರ ಏಳೆಂಟು ಪಟ್ಟು ಬಲ ಕಟ್ಟಿದರೆ ಸ್ಪೀಡ್‌ವೇ ಬೈಕು ಆಗುತ್ತದೆ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇಲ್ಲ. ಗೇರು ಒಂದೇ, ಕ್ಲಚ್ಚಿಗೆ ಕೆಲಸ ಬೀಳುವುದು ಹೊರಡುವ ಕ್ಷಣದಲ್ಲಿ ಮಾತ್ರ. ಬ್ರೇಕು ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಬ್ರೇಕಿಲ್ಲ ಎಂದಾಗ ಎಲ್ಲರೂ ಮೊದಲು ಹುಬ್ಬೇರಿಸುತ್ತಾರೆ, ನಾನೂ ಏರಿಸಿದ್ದೆ. ಆದರೆ ಇಬ್ಬರ ನಡುವೆ ಒಂದು ಗೇಣಿನ ಅಂತರವೂ ಇರದ ಓಟದಲ್ಲಿ ಮುಂದಿದ್ದವನು ತಟ್ಟನೆ ಬ್ರೇಕು ಒತ್ತಿದರೆ ಹಿಂದಿದ್ದವನು ಅವನ ಮೇಲೆಯೇ ಹತ್ತಬೇಕಾಗುತ್ತದೆ. ಯಾರಿಗೂ ಬ್ರೇಕು ಇಲ್ಲದಿದ್ದರೆ ಯಾರೂ ಹಾಗೆ ತಟ್ಟನೆ ನಿಲ್ಲಲಾರರು ಎಂಬುದು ಇಲ್ಲಿನ ತರ್ಕ. ವೇಗ ತಗ್ಗಿಸಬೇಕಾದರೆ ಆಕ್ಸಿಲರೇಟರ್ ಸಡಿಲಿಸಬೇಕು, ಅಥವಾ ಬೈಕನ್ನೇ ಅಡ್ಡಡ್ಡ ಜಾರಿಸಬೇಕು.

ಈ ಜಾರಿಸುವಿಕೆಯೇ ಆಟದ ಜೀವಾಳ, ಮತ್ತು ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯೂ ಅಲ್ಲ. ಶಿರಸಿಯ ಕಡೆ ಅಡಿಕೆ ತೋಟಕ್ಕಿಳಿಯುವ ಕೆಮ್ಮಣ್ಣಿನ ದಾರಿಯಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೈಕು ಓಡಿಸಿದವರಿಗೆಲ್ಲ ಗೊತ್ತು: ತಿರುವಿನಲ್ಲಿ ಆಕ್ಸಿಲರೇಟರ್ ತುಸು ಹೆಚ್ಚಾದರೆ ಹಿಂದಿನ ಗಾಲಿ ನೆಲ ಬಿಟ್ಟು ಹೊರಗಡೆ ಹೋಗುತ್ತದೆ, ಬೀಳದಿರಬೇಕಾದರೆ ಹ್ಯಾಂಡಲನ್ನು ತಿರುವಿನ ವಿರುದ್ಧ ದಿಕ್ಕಿಗೆ ಹೊರಳಿಸಿ ಒಂದು ಕಾಲು ನೆಲಕ್ಕೆ ಕೊಡಬೇಕಾಗುತ್ತದೆ. ನಾವು ಗಾಬರಿಯಿಂದ ಒಂದು ಕ್ಷಣ ಮಾಡುವ ಅದೇ ಕೆಲಸವನ್ನು ಸ್ಪೀಡ್‌ವೇ ಸವಾರ ಬೇಕೆಂದೇ, ನಾಲ್ಕು ಸುತ್ತಿನ ಎಂಟು ತಿರುವುಗಳಲ್ಲೂ, ಪೂರ್ತಿ ಬಲ ಕೊಟ್ಟು ಮಾಡುತ್ತಾನೆ. ಎಡಕ್ಕೆ ತಿರುಗುವಾಗ ಅವನ ಮುಂದಿನ ಚಕ್ರ ಬಲಕ್ಕೆ ನೋಡುತ್ತಿರುತ್ತದೆ, ಹಿಂದಿನ ಚಕ್ರ ಹೊರಗಡೆ ಜಾರುತ್ತ ಬೈಕನ್ನು ತಿರುವಿನೊಳಕ್ಕೆ ದೂಡುತ್ತದೆ, ಎಡಗಾಲಿನ ಬೂಟಿನ ಅಡಿಗೆ ಕಟ್ಟಿದ ಉಕ್ಕಿನ ಅಟ್ಟೆ ನೆಲ ಸವರುತ್ತ ಸಾಗುತ್ತದೆ. ತಿರುವುಗಳೆಲ್ಲ ಎಡಕ್ಕೇ ಆದ್ದರಿಂದ ಉಕ್ಕಿನ ಅಟ್ಟೆ ಒಂದೇ ಕಾಲಿಗೆ ಸಾಕು.

ಹಾದಿಯ ಮಣ್ಣೂ ಈ ಜಾರಿಕೆಗೆಂದೇ ಹದಗೊಂಡದ್ದು. ಪೋಲಿಷ್ ಭಾಷೆಯಲ್ಲಿ ಸ್ಪೀಡ್‌ವೇಗೆ ‘ಝುಝೆಲ್’ ಎನ್ನುತ್ತಾರೆ, ಪದದ ಮೂಲಾರ್ಥ ಕುಲುಮೆಯ ಕಿಟ್ಟ ಎಂದು. ಒಂದು ಕಾಲದಲ್ಲಿ ಹಾದಿಗೆ ಹಾಸುತ್ತಿದ್ದದ್ದು ಅದನ್ನೇ. ಈಗ ನುಣ್ಣಗೆ ಪುಡಿಮಾಡಿದ ಕಲ್ಲು ಅಥವಾ ಜೇಡಿಪದರದ ಮಣ್ಣನ್ನು ಗಟ್ಟಿ ತಳದ ಮೇಲೆ ಹರಡಿ, ನೀರು ಚಿಮುಕಿಸಿ, ಟ್ರ್ಯಾಕ್ಟರಿನಿಂದ ಸಮ ಮಾಡುತ್ತಾರೆ. ಚಿರೇಕಲ್ಲು ಕಡಿದ ಮೇಲೆ ಕ್ವಾರಿಯಲ್ಲಿ ಉಳಿಯುವ ಪುಡಿಯನ್ನು ನೆನೆದರೆ ಬಣ್ಣವೂ ಗುಣವೂ ಹತ್ತಿರದಲ್ಲೇ ಸಿಗುತ್ತದೆ. ಇದು ಅಲಂಕಾರದ ವಿವರವಲ್ಲ, ಫಲಿತಾಂಶಕ್ಕೆ ಸಂಬಂಧಪಟ್ಟದ್ದು. ಸಂಜೆಯ ಮೊದಲ ಓಟಗಳಲ್ಲಿ ಸಡಿಲ ಮಣ್ಣು ಹಾದಿಯ ಅಗಲಕ್ಕೂ ಹರಡಿಕೊಂಡಿರುತ್ತದೆ, ಹಾಗಾಗಿ ಒಳಗಿನ ಅಂಚಿಗೆ ಹತ್ತಿರವಿದ್ದವನಿಗೆ, ಅವನ ದಾರಿ ಚಿಕ್ಕದಾದ ಕಾರಣ, ಅನುಕೂಲ. ಓಟಗಳು ಸಾಗಿದಂತೆ ಹಿಂದಿನ ಚಕ್ರಗಳು ಮಣ್ಣನ್ನು ಹೊರಗಡೆ ಎಸೆದು ಬೇಲಿಯ ಬದಿಗೆ ದಪ್ಪ ಪಟ್ಟಿಯಾಗಿ ಗುಡ್ಡೆ ಹಾಕುತ್ತವೆ. ಆಗ ದೂರದ ದಾರಿ ಹಿಡಿದು ಆ ಮಣ್ಣಿನಲ್ಲಿ ಗಾಲಿ ಊರಿದವನಿಗೆ ಹಿಡಿತ ಹೆಚ್ಚಾಗಿ, ಒಳಗಿನವನನ್ನು ಅವನು ಹೊರಗಿನಿಂದಲೇ ದಾಟಿಬಿಡುತ್ತಾನೆ. ನನ್ನ ಸೋದರಳಿಯನ ಹಾಳೆಯ ಮೇಲಿನ ದೂಳು ಬಂದದ್ದು ಇದೇ ಕಾರಣಕ್ಕೆ, ಅವನು ತಿರುವಿನ ಬೇಲಿಗೆ ಹತ್ತಿರ ಕೂತಿದ್ದ.

ಹೊರಡುವ ಗೆರೆಯಲ್ಲಿ ನಾಲ್ಕು ಸ್ಥಾನಗಳಿರುತ್ತವೆ, ಅವನ್ನು ಗೇಟುಗಳೆನ್ನುತ್ತಾರೆ; ಒಳಗಿನದು ಒಂದನೆಯದು, ಬೇಲಿಯ ಕಡೆಯದು ನಾಲ್ಕನೆಯದು. ಎದುರಿಗೆ ಅಡ್ಡ ಕಟ್ಟಿದ ಪಟ್ಟಿಗಳು ಮೇಲಕ್ಕೆ ಹಾರಿದಾಗ ಓಟ ಆರಂಭ. ಅದಕ್ಕೆ ಮೊದಲೇ ಪಟ್ಟಿಗೆ ತಗುಲಿದವನು ಆ ಓಟದಿಂದ ಹೊರಗೆ. ಓಟದ ನಡುವೆ ಯಾರಾದರೂ ಬಿದ್ದು ರೆಫರಿ ಕೆಂಪು ದೀಪ ಹಾಕಿದರೆ, ಓಟ ನಿಲ್ಲಲು ಕಾರಣನಾದವನನ್ನು ಕೈಬಿಟ್ಟು ಉಳಿದವರಿಂದ ಮತ್ತೆ ಓಡಿಸುತ್ತಾರೆ. ಮೊದಲ ತಿರುವಿನ ನೂಕುನುಗ್ಗಲಿನಲ್ಲಿ ತಪ್ಪು ಇಂಥವನದೇ ಎನ್ನಲಾಗದಿದ್ದರೆ ಮಾತ್ರ ನಾಲ್ವರಿಗೂ ಇನ್ನೊಂದು ಅವಕಾಶ ಸಿಗುತ್ತದೆ. ಪೋಲಿಷ್ ಹಾಳೆಯಲ್ಲಿ ಸೊನ್ನೆಗಳಿಗೂ ಜಾತಿ ಉಂಟು: ಬಿದ್ದರೆ ‘ಉಪಾದೆಕ್’, ಬೈಕು ಕೆಟ್ಟರೆ ‘ದೆಫೆಕ್ಟ್’, ಪಟ್ಟಿಗೆ ತಗುಲಿದರೆ ‘ತಾಶ್ಮ’ ಎಂಬುದರ ಮೊದಲಕ್ಷರವನ್ನು ಸೊನ್ನೆಯ ಬದಲು ಬರೆಯುತ್ತಾರೆ. ಕೂಡಿಸುವಾಗ ಎಲ್ಲಕ್ಕೂ ಬೆಲೆ ಒಂದೇ ಆದರೂ, ಸೋಲಿಗೆ ಕಾರಣ ಯಾವುದೆಂದು ಹತ್ತು ವರ್ಷದ ನಂತರ ಹಾಳೆ ತೆಗೆದವನಿಗೂ ತಿಳಿಯುತ್ತದೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಇನ್ನು ಅಂಕಗಳ ವಿಷಯ. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ವಿಶ್ವಕಪ್ ಫೈನಲ್‌ನಲ್ಲಿ ನಾಲ್ಕು ದೇಶಗಳು ಭಾಗವಹಿಸುತ್ತವೆ. ಪ್ರತಿ ದೇಶಕ್ಕೆ ನಾಲ್ವರು ಸವಾರರು, ಪ್ರತಿ ಸವಾರನಿಗೆ ಐದು ಓಟ, ಒಟ್ಟು 20 ಓಟ. ಪ್ರತಿ ಓಟದಲ್ಲಿ ಪ್ರತಿ ದೇಶದ ಒಬ್ಬನೇ ಇರುತ್ತಾನೆ. ದೇಶಕ್ಕೊಂದು ಹೆಲ್ಮೆಟ್ಟಿನ ಬಣ್ಣ, ಅದು ಸಂಜೆಯಿಡೀ ಬದಲಾಗದು. ಯಾರು ಯಾವ ಗೇಟಿನಿಂದ ಹೊರಡಬೇಕೆಂಬುದು ಸುತ್ತಿ ಸುತ್ತಿ ಬರುವುದರಿಂದ ಒಂದೇ ದೇಶಕ್ಕೆ ಒಳಗಿನ ಗೇಟು ಪದೇ ಪದೇ ಸಿಗುವುದಿಲ್ಲ. 2012ಕ್ಕೆ ಮೊದಲಿನ ಕೆಲವು ವರ್ಷ ತಂಡಕ್ಕೆ ಐವರು ಸವಾರರು, ಫೈನಲ್‌ಗೆ 25 ಓಟಗಳು ಇರುತ್ತಿದ್ದವು. ಲೆಕ್ಕದ ತತ್ವ ಅದೇ.

ಸ್ಕೋರ್ ಬರೆಯುವವನಿಗೆ ಇದು ಸುಖದ ಪಟ್ಟಿ, ಏಕೆಂದರೆ ತಾಳೆ ನೋಡುವುದು ಸುಲಭ. ಪ್ರತಿ ಸಾಲಿನ ಮೊತ್ತ 6. ಒಬ್ಬ ಬಿದ್ದು ಮೂವರೇ ಮುಗಿಸಿದರೂ ಮೊತ್ತ 6ರಲ್ಲೇ ನಿಲ್ಲುತ್ತದೆ. ಇಬ್ಬರು ಮುಗಿಸದೆ ಹೋದಾಗ ಮಾತ್ರ 5ಕ್ಕೆ ಇಳಿಯುತ್ತದೆ. ಅಲ್ಲಿಗೆ 20 ಸಾಲಿಗೆ 120. ನನ್ನ ಸೋದರಳಿಯನ ಹಾಳೆಯಲ್ಲಿ ಒಂದು ಮನೆ ಖಾಲಿ ಇತ್ತು, ಆ ಓಟದ ಕೊನೆಗೆ ಕಣ್ಣಿಗೆ ದೂಳು ಬಿದ್ದು ಮೂರನೆಯವನು ಯಾರೆಂದು ಕಾಣಲಿಲ್ಲವಂತೆ. ಸಾಲಿನ ಉಳಿದ ಮೂರು ಮನೆಗಳಲ್ಲಿ 3, 2, 0 ಇದ್ದವು. ಖಾಲಿ ಮನೆಗೆ 1 ಬರೆದು ಕೆಳಗೆ ಕೂಡಿಸಿದರೆ ಪೋಲೆಂಡ್ 33, ಗ್ರೇಟ್ ಬ್ರಿಟನ್ 31, ಡೆನ್ಮಾರ್ಕ್ 29, ಆಸ್ಟ್ರೇಲಿಯ 27, ಒಟ್ಟು 120.

ನಾಲ್ಕು ತಂಡಕ್ಕೆ 120 ಎಂದರೆ ಸರಾಸರಿ 30. ಆ ರಾತ್ರಿ ಗೆದ್ದವರು ಸರಾಸರಿಗಿಂತ ಮೂರು ಅಂಕ ಮೇಲಿದ್ದರು, ಕೊನೆಯವರು ಮೂರು ಅಂಕ ಕೆಳಗಿದ್ದರು, ಅಂದರೆ ವಿಶ್ವ ಚಾಂಪಿಯನ್ನರಿಗೂ ಕೊನೆಯ ಸ್ಥಾನದವರಿಗೂ ನಡುವಿನ ಅಂತರ ಎರಡು ಓಟದ ಗೆಲುವಿನಷ್ಟು. 2014ರಲ್ಲಿ ಪೋಲೆಂಡಿನ ಬಿದ್‌ಗೋಶ್ಚ್‌ನಲ್ಲಿ ನಡೆದ ಫೈನಲ್ ಇನ್ನೂ ವಿಚಿತ್ರ: ಡೆನ್ಮಾರ್ಕ್ 38, ಪೋಲೆಂಡ್ 37, ಆಸ್ಟ್ರೇಲಿಯ 36, ಗ್ರೇಟ್ ಬ್ರಿಟನ್ 9. ಒಂದೊಂದೇ ಅಂಕದ ಮೆಟ್ಟಿಲಿನಲ್ಲಿ ಮೂರು ದೇಶಗಳು ನಿಂತವು, ಸ್ವಂತ ನೆಲದಲ್ಲಿ ಆತಿಥೇಯರು ಒಂದು ಅಂಕಕ್ಕೆ ಕಪ್ ಬಿಟ್ಟುಕೊಟ್ಟರು. 2004ರಲ್ಲಿ ಇಂಗ್ಲೆಂಡಿನ ಪೂಲ್‌ನಲ್ಲಿಯೂ ಸ್ವೀಡನ್ 49, ಬ್ರಿಟನ್ 48.

ಇಲ್ಲಿ ನನ್ನ ಸೋದರಳಿಯನ ಪ್ರಶ್ನೆಗೆ ಮೊದಲ ಉತ್ತರ ಸಿಗುತ್ತದೆ. ಈ ಕ್ರಮದಲ್ಲಿ ತಂಡ ಎಂಬುದು ಹಾದಿಯ ಮೇಲೆ ಕಾಣುವುದಿಲ್ಲ, ಹಾಳೆಯ ಕೊನೆಯ ಸಾಲಿನಲ್ಲಿ ಮಾತ್ರ ಹುಟ್ಟುತ್ತದೆ. ಹಾಗೆಂದು ಅದು ಬರೀ ಕೂಡಿಸುವ ಲೆಕ್ಕವೂ ಅಲ್ಲ. ಒಬ್ಬ ಸವಾರ ತನ್ನ ಐದು ಓಟವನ್ನೂ ಗೆದ್ದರೆ 15 ಅಂಕವಾಯಿತು, ಅದಕ್ಕಿಂತ ಹೆಚ್ಚು ಅವನು ತರಲಾರ. ತಂಡಕ್ಕೆ 33 ಬೇಕಾದರೆ ಉಳಿದ ಮೂವರು 18 ತರಲೇಬೇಕು. ಆದ್ದರಿಂದ ಜಗತ್ತಿನ ಅತ್ಯುತ್ತಮ ಸವಾರನಿದ್ದ ದೇಶ ಗೆಲ್ಲುವುದಿಲ್ಲ, ನಾಲ್ಕನೆಯ ಸವಾರ ಗಟ್ಟಿಯಾಗಿರುವ ದೇಶ ಗೆಲ್ಲುತ್ತದೆ. ಮೂರನೆಯ ಸ್ಥಾನಕ್ಕಾಗಿ ನಡೆಯುವ ಸೆಣಸಾಟವನ್ನು ಹೊಸ ನೋಡುಗ ಗಮನಿಸುವುದೇ ಇಲ್ಲ. ಪೆನ್ನು ಹಿಡಿದು ಕೂತವನ ಕಣ್ಣು ಇರುವುದು ಅಲ್ಲಿಯೇ, ಏಕೆಂದರೆ 1 ಮತ್ತು 0ಗಳ ನಡುವಿನ ವ್ಯತ್ಯಾಸದಲ್ಲಿಯೇ ಬಿದ್‌ಗೋಶ್ಚ್‌ನಂಥ ಫೈನಲ್‌ಗಳು ತೀರ್ಮಾನವಾಗುತ್ತವೆ.

ಈ ಶುದ್ಧ ಲೆಕ್ಕವನ್ನು ಕೆಡಿಸಿದ ನಿಯಮವೂ ಒಂದಿತ್ತು. 2001ರಲ್ಲಿ ಪಂದ್ಯಾವಳಿಗೆ ಹೊಸ ರೂಪ ಬಂದ ಮೇಲೆ ಹಲವು ವರ್ಷ, ನಿಗದಿತ ಅಂಕಗಳಷ್ಟು ಹಿಂದೆ ಬಿದ್ದ ತಂಡ ಒಮ್ಮೆ ‘ಜೋಕರ್’ ಸವಾರನನ್ನು ಇಳಿಸಬಹುದಿತ್ತು, ಅವನು ಗಳಿಸಿದ ಅಂಕ ದುಪ್ಪಟ್ಟಾಗಿ ಗೆದ್ದರೆ 6 ಸಿಗುತ್ತಿತ್ತು. ಸೋಲುತ್ತಿರುವ ತಂಡದ ಬೆಂಬಲಿಗರು ಎದ್ದು ಹೋಗದಂತೆ ಹಿಡಿದಿಡುವ ಉಪಾಯವಿದು. ತಂಡದ ಮ್ಯಾನೇಜರ್ ಯಾವ ಓಟಕ್ಕೆ, ಯಾವ ಗೇಟಿಗೆ, ಯಾರನ್ನು ಜೋಕರ್ ಮಾಡಬೇಕೆಂದು ತಲೆ ಕೆಡಿಸಿಕೊಳ್ಳುವುದು ನೋಡಲು ಸ್ವಾರಸ್ಯವೇ ಇರಬಹುದು. ಆದರೆ ಹಿಂದೆ ಬಿದ್ದವನಿಗೆ ಮಾತ್ರ ಸಿಗುವ ದುಪ್ಪಟ್ಟು ಅಂಕ ಮುಂದಿದ್ದವನ ಶ್ರಮಕ್ಕೆ ಅಪಚಾರವೆಂಬುದು ನನ್ನ ಅಭಿಪ್ರಾಯ, ಮೇಲಾಗಿ ಸಾಲಿನ ಮೊತ್ತ 6 ಬಾರದ ಪಟ್ಟಿಯನ್ನು ತಾಳೆ ನೋಡುವವನ ಪಾಡು ಬೇರೆ.

ಈ ಚಾಂಪಿಯನ್‌ಶಿಪ್‌ನ ಇತಿಹಾಸದಲ್ಲಿಯೂ ‘ತಂಡ’ ಎಂಬ ಪದದ ಎಳೆದಾಟವೇ ಕಾಣುತ್ತದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನ ವೆಸ್ಟ್ ಮೇಟ್‌ಲ್ಯಾಂಡಿನಲ್ಲಿ 1923ರಲ್ಲಿ ಜಾನಿ ಹಾಸ್ಕಿನ್ಸ್ ನಡೆಸಿದ ಮಣ್ಣುಹಾದಿಯ ಓಟಗಳನ್ನು ಈ ಕ್ರೀಡೆಯ ಆರಂಭದ ಗುರುತಾಗಿ ಹೇಳುವುದುಂಟು. 1928ರಲ್ಲಿ ಅದು ಲಂಡನ್ ಬಳಿಯ ಹೈ ಬೀಚ್‌ಗೆ ಬಂದು ಜನಪ್ರಿಯವಾಯಿತು, 1936ರಲ್ಲಿ ವೆಂಬ್ಲಿಯಲ್ಲಿ ವೈಯಕ್ತಿಕ ವಿಶ್ವ ಚಾಂಪಿಯನ್‌ಶಿಪ್ ಆರಂಭವಾಯಿತು. ದೇಶಗಳ ತಂಡಗಳಿಗಾಗಿ ‘ವರ್ಲ್ಡ್ ಟೀಮ್ ಕಪ್’ ಬಂದದ್ದು 1960ರಲ್ಲಿ. ಗೋಥೆನ್‌ಬರ್ಗಿನಲ್ಲಿ ನಡೆದ ಮೊದಲ ಫೈನಲನ್ನು ಸ್ವೀಡನ್ ಗೆದ್ದಿತು. ಐದು ಬಾರಿ ವೈಯಕ್ತಿಕ ವಿಶ್ವ ಚಾಂಪಿಯನ್ ಆದ ಓವೆ ಫುಂದಿನ್ ಆ ಕಾಲದ ಸ್ವೀಡಿಷ್ ತಂಡದ ಆಧಾರಸ್ತಂಭ; 2001ರಿಂದ ಕೊಡುವ ವಿಶ್ವಕಪ್ ಟ್ರೋಫಿಗೆ ಅವರದೇ ಹೆಸರಿದೆ. ಅರವತ್ತರ ದಶಕವನ್ನು ಸ್ವೀಡನ್ ಮತ್ತು ಪೋಲೆಂಡ್ ಹೆಚ್ಚುಕಡಿಮೆ ಹಂಚಿಕೊಂಡವು.

1968ರಲ್ಲಿ ಗ್ರೇಟ್ ಬ್ರಿಟನ್ ಮೊದಲ ಬಾರಿ ಗೆದ್ದಾಗ ಆ ತಂಡದಲ್ಲಿದ್ದ ಐವಾನ್ ಮೋಗರ್ ಮತ್ತು ಬ್ಯಾರಿ ಬ್ರಿಗ್ಸ್ ಇಬ್ಬರೂ ನ್ಯೂಜಿಲೆಂಡಿನವರು. ಬ್ರಿಟನ್ನಿನ ಲೀಗಿನಲ್ಲಿ ಓಡುವ ಕಾಮನ್‌ವೆಲ್ತ್ ದೇಶಗಳ ಸವಾರರನ್ನೂ ಬ್ರಿಟನ್ ತನ್ನವರೆಂದೇ ಲೆಕ್ಕ ಹಿಡಿಯುತ್ತಿದ್ದ ಕಾಲ ಅದು. ನಮ್ಮ ಕಡೆಯ ವಾಲಿಬಾಲ್ ಪಂದ್ಯಗಳಲ್ಲಿ ಪಕ್ಕದ ತಾಲೂಕಿನಿಂದ, ಕೆಲವೊಮ್ಮೆ ಗೋವೆಯಿಂದ, ‘ಗೆಸ್ಟ್ ಪ್ಲೇಯರ್’ ಕರೆಸಿ ಕಪ್ ಎತ್ತಿದ ತಂಡಗಳ ಬಗ್ಗೆ ಏಳುವ ತಕರಾರು ಇಲ್ಲಿಯೂ ಏಳಬಹುದಾಗಿತ್ತು. 1974ರಿಂದ ಇಂಗ್ಲೆಂಡ್ ಪ್ರತ್ಯೇಕವಾಗಿ ಇಳಿಯಿತು, ಉಳಿದವರು ತಂತಮ್ಮ ದೇಶಗಳಿಗೆ ಓಡಿದರು. ಪರಿಣಾಮ ಬೇಗ ಕಾಣಿಸಿತು: 1976ರಲ್ಲಿ ಆಸ್ಟ್ರೇಲಿಯ, 1979ರಲ್ಲಿ ನ್ಯೂಜಿಲೆಂಡ್, ಎರಡೂ ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಗೆದ್ದವು. ನ್ಯೂಜಿಲೆಂಡಿನ ಅಂದಿನ ಜನಸಂಖ್ಯೆ 31 ಲಕ್ಷದ ಆಸುಪಾಸು, ನಮ್ಮ ಉತ್ತರ ಕನ್ನಡ ಜಿಲ್ಲೆಯ 2011ರ ಜನಗಣತಿಯ 14 ಲಕ್ಷದ ಎರಡು ಪಟ್ಟಿಗಿಂತ ತುಸು ಹೆಚ್ಚು.

ಎಂಬತ್ತರ ದಶಕ ಡೆನ್ಮಾರ್ಕಿನದು. ಹಾನ್ಸ್ ನೀಲ್ಸನ್, ಎರಿಕ್ ಗುಂಡರ್ಸನ್ ಅವರಂಥ ಸವಾರರು ಒಂದೇ ಬಣ್ಣದ ಹೆಲ್ಮೆಟ್ಟಿನಲ್ಲಿದ್ದಾಗ 1983ರಿಂದ 1988ರವರೆಗೆ ಸತತ ಆರು ವರ್ಷ ಕಪ್ ಅಲ್ಲಿಯೇ ಉಳಿಯಿತು. ಏಳನೆಯದು ತಪ್ಪಿದ್ದು ಘೋರವಾಗಿ. 1989ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದ ಫೈನಲ್‌ನ ಮೊದಲ ಓಟದ ಮೊದಲ ತಿರುವಿನಲ್ಲಿಯೇ ಸವಾರರು ಒಬ್ಬರ ಮೇಲೊಬ್ಬರು ಬಿದ್ದರು, ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಗುಂಡರ್ಸನ್‌ಗೆ ಪ್ರಾಣಾಂತಿಕ ಗಾಯವಾಯಿತು. ಅವರು ಬದುಕಿ ಉಳಿದರು, ಬೈಕ್ ಓಟ ಅಲ್ಲಿಗೇ ನಿಂತಿತು. ಆ ದಿನ ಇಂಗ್ಲೆಂಡ್ ಗೆದ್ದಿತು. ಈಗ ದೊಡ್ಡ ಪಂದ್ಯಗಳಲ್ಲಿ ತಿರುವುಗಳ ಬೇಲಿಗೆ ಗಾಳಿ ತುಂಬಿದ ದಪ್ಪ ಮೆತ್ತೆಗಳನ್ನು ಕಟ್ಟುತ್ತಾರೆ. ಆಟದ ಮೂಲ ಅಪಾಯ ಅದರಿಂದ ಇಲ್ಲವಾಗಿಲ್ಲ, ಏಟಿನ ಬಿರುಸು ಮಾತ್ರ ತಗ್ಗಿದೆ.

ತೊಂಬತ್ತರ ದಶಕವನ್ನು ಬೇಗ ದಾಟಬಹುದು. ಅಮೆರಿಕ ನಾಲ್ಕು ಬಾರಿ ಗೆದ್ದದ್ದು ಆ ದಶಕದ ವಿಶೇಷ. 1970ರಿಂದ ಪ್ರತ್ಯೇಕವಾಗಿ ನಡೆಯುತ್ತಿದ್ದ ಜೋಡಿಗಳ ವಿಶ್ವ ಚಾಂಪಿಯನ್‌ಶಿಪ್ 1993ಕ್ಕೆ ಕೊನೆಗೊಂಡು ತಂಡದ ಕಪ್ಪಿನೊಳಗೆ ಸೇರಿಹೋಯಿತು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. 2001ರಲ್ಲಿ ‘ಸ್ಪೀಡ್‌ವೇ ವಿಶ್ವಕಪ್’ ಎಂಬ ಹೆಸರಿನಲ್ಲಿ ಪಂದ್ಯಾವಳಿ ಮತ್ತೆ ಹಿಗ್ಗಿತು. ಆ ವರ್ಷದಿಂದ 2017ರವರೆಗಿನ ಹದಿನೇಳು ಮತ್ತು 2023ರದ್ದು ಸೇರಿಸಿ ಹದಿನೆಂಟು ವಿಶ್ವಕಪ್‌ಗಳಲ್ಲಿ ಪೋಲೆಂಡ್ 9, ಡೆನ್ಮಾರ್ಕ್ 4, ಸ್ವೀಡನ್ 3, ಆಸ್ಟ್ರೇಲಿಯ 2 ಗೆದ್ದಿವೆ. ಅರ್ಧಕ್ಕರ್ಧ ಒಂದೇ ದೇಶದ ಪಾಲು. ಕಾರಣ ಆಗಲೇ ಹೇಳಿದ್ದೇ: ಪೋಲೆಂಡಿನ ಲೀಗ್ ಜಗತ್ತಿನಲ್ಲೇ ಬಲಿಷ್ಠ, ಅಲ್ಲಿ ನಾಲ್ಕನೆಯ ಸವಾರನಿಗೂ ಐದನೆಯವನಿಗೂ ಕೊರತೆ ಇಲ್ಲ.

ಬೇರೆ ದೇಶಗಳಿಗೆ ನಾಲ್ಕನೆಯ ಸವಾರ ಎಲ್ಲಿ ಸಿಗಬೇಕು? ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ 2018ರಲ್ಲಿ ವಿಶ್ವಕಪ್ ಬದಲು ‘ಸ್ಪೀಡ್‌ವೇ ಆಫ್ ನೇಷನ್ಸ್’ ಎಂಬ ಜೋಡಿಗಳ ಪಂದ್ಯಾವಳಿ ತಂದದ್ದರ ಹಿಂದೆ ಈ ಪ್ರಶ್ನೆ ಇತ್ತು. ಪ್ರತಿ ದೇಶಕ್ಕೆ ಇಬ್ಬರು ಸವಾರರು, ಆರಂಭದಲ್ಲಿ ಜೊತೆಗೆ 21 ವರ್ಷದೊಳಗಿನ ಒಬ್ಬ ಮೀಸಲು ಇರುತ್ತಿದ್ದ. ಫೈನಲ್‌ಗೆ ಏಳು ದೇಶಗಳು. ಪ್ರತಿ ಓಟದಲ್ಲಿ ಈಗ ಎರಡೇ ದೇಶಗಳು, ತಲಾ ಇಬ್ಬರು. ಪ್ರತಿ ದೇಶ ಉಳಿದ ಆರನ್ನೂ ಎದುರಿಸಬೇಕಾದ್ದರಿಂದ ಒಟ್ಟು 21 ಓಟ. ತಂಡ ಹಾಳೆಯಿಂದ ಎದ್ದು ಹಾದಿಯ ಮೇಲೆ ಬಂದು ನಿಂತದ್ದು ಹೀಗೆ. ಜೊತೆಗಾರ ಈಗ ಪಕ್ಕದಲ್ಲೇ ಇದ್ದಾನೆ, ಅವನಿಗೆ ನೆರವಾಗಲು ಸಾಧ್ಯವಿದೆ.

ಆದರೆ ನೆರವಾಗುವ ಅಗತ್ಯವಿದೆಯೇ? ಇಲ್ಲಿ ಹಳೆಯ ಅಂಕ ಕ್ರಮ ಅಡ್ಡ ಬಂತು. 3–2–1–0 ಕ್ರಮದಲ್ಲಿ ಒಂದು ದೇಶದವರು ಮೊದಲನೆಯ ಮತ್ತು ಎರಡನೆಯ ಸ್ಥಾನ ಪಡೆದರೆ 5–1, ಮೊದಲನೆಯ ಮತ್ತು ಮೂರನೆಯದಾದರೆ 4–2. ಒಬ್ಬ ಮೊದಲು, ಅವನ ಜೊತೆಗಾರ ಕೊನೆ ಎಂದಾದರೆ 3–3, ಸಮ. ಅಂದರೆ ಅಸಾಧಾರಣ ಸವಾರ ಒಬ್ಬನಿದ್ದರೆ ಜೊತೆಗಾರ ಬಿದ್ದರೂ, ಬೈಕು ಕೆಟ್ಟು ನಿಂತರೂ, ದೇಶ ಸೋಲುವುದಿಲ್ಲ. ಒಬ್ಬನೇ ಓಡಿದ್ದಕ್ಕೂ ಇಬ್ಬರು ಓಡಿದ್ದಕ್ಕೂ ಒಂದೇ ಬೆಲೆ ಕಟ್ಟುವ ಪಟ್ಟಿ ಇದು.

ಆದ್ದರಿಂದ ಜೋಡಿ ಓಟಕ್ಕೆ ಅಂಕಗಳನ್ನು 4–3–2–0 ಎಂದು ಬದಲಿಸಿದರು. ಮೊದಲ ಮೂವರಿಗೆ ಒಂದೊಂದು ಅಂಕ ಏರಿತು, ಕೊನೆಯವನಿಗೆ ಮಾತ್ರ ಏನೂ ಸೇರಲಿಲ್ಲ. ನೋಡಲು ಚಿಕ್ಕ ಬದಲಾವಣೆ. ಫಲ ಮಾತ್ರ ಪೂರ್ತಿ ಬೇರೆ: ಮೊದಲ ಮತ್ತು ಎರಡನೆಯ ಸ್ಥಾನಕ್ಕೆ 7–2, ಮೊದಲ ಮತ್ತು ಮೂರನೆಯದಕ್ಕೆ 6–3, ಆದರೆ ಮೊದಲ ಮತ್ತು ಕೊನೆಯ ಸ್ಥಾನ ಹಿಡಿದವರಿಗೆ 4, ನಡುವಿನ ಎರಡು ಸ್ಥಾನ ಹಿಡಿದವರಿಗೆ 5. ಓಟ ಗೆದ್ದವನ ದೇಶವೇ ಸೋಲುತ್ತದೆ! ಸಾಲಿನ ಮೊತ್ತ 9, ಬೆಸ ಸಂಖ್ಯೆ, ಹಾಗಾಗಿ ನಾಲ್ವರಲ್ಲಿ ಮೂವರಾದರೂ ಗುರಿ ಮುಟ್ಟಿದ ಓಟ ಸಮವಾಗಲು ಸಾಧ್ಯವೇ ಇಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ತಿದ್ದುಪಡಿ ಮಾಡಿದ ನಿಯಮವನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ.

ಇದರಿಂದ ಸವಾರಿಯ ರೀತಿಯೇ ಬದಲಾಗುತ್ತದೆ. ಮೊದಲು ಹೊರಟವನು ಈಗ ಹಿಂದಿರುಗಿ ನೋಡಬೇಕು, ಜೊತೆಗಾರ ಕೊನೆಯಲ್ಲಿದ್ದರೆ ತನ್ನ ವೇಗವನ್ನು ತಗ್ಗಿಸಿಯಾದರೂ ಎದುರಾಳಿಯ ದಾರಿಗೆ ಅಡ್ಡ ನಿಂತು ಅವನನ್ನು ಮೇಲಕ್ಕೆ ತರಬೇಕು. ಇಬ್ಬರೂ ಮುಂದಿದ್ದರೆ ಒಬ್ಬ ಒಳ ಅಂಚು ಕಾಯುತ್ತಾನೆ, ಇನ್ನೊಬ್ಬ ಹೊರಗಿನ ಮಣ್ಣಿನ ಪಟ್ಟಿ ಕಾಯುತ್ತಾನೆ. ಅರಬೈಲ್ ಘಟ್ಟದಲ್ಲಿ ತುಂಬಿದ ಲಾರಿಗಳೆರಡು ಅಕ್ಕಪಕ್ಕದಲ್ಲೇ ಏರುತ್ತಿರುವಾಗ ಹಿಂದಿನ ಬಸ್ಸಿನಲ್ಲಿ ಕುಳಿತವರಿಗೆ ಈ ತಂತ್ರದ ಪರಿಣಾಮ ಚೆನ್ನಾಗಿ ಗೊತ್ತಿದೆ. ಬಸ್ಸಿಗೆ ಎಷ್ಟು ಶಕ್ತಿಯಿದ್ದರೂ ನುಗ್ಗಲು ಜಾಗವೇ ಇರುವುದಿಲ್ಲ. ಬ್ರೇಕಿಲ್ಲದ ಬೈಕನ್ನು ಜಾರಿಸುತ್ತಲೇ ಪಕ್ಕದವನ ಹ್ಯಾಂಡಲಿಗೆ ತಗುಲದಂತೆ ಆ ಗೋಡೆ ಕಟ್ಟುವುದು ಮಾತ್ರ ಲಾರಿ ಚಾಲಕರಿಂದ ಆಗದ ಕೆಲಸ.

2021ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ರೇಟ್ ಬ್ರಿಟನ್ ಮತ್ತು ಪೋಲೆಂಡ್ ಈ ಜೋಡಿ ಪಂದ್ಯಾವಳಿಯ ಪ್ರಶಸ್ತಿ ತೀರ್ಮಾನಿಸುವ ಅಂತಿಮ ಓಟದಲ್ಲಿ ಎದುರಾದವು. ಬ್ರಿಟನ್ನಿನ ಹಿರಿಯ ಸವಾರ ಟೈ ವುಫಿಂಡನ್ ಗಾಯದಿಂದ ಹೊರಗುಳಿದಿದ್ದರು, ಕಿರಿಯರಾದ ರಾಬರ್ಟ್ ಲ್ಯಾಂಬರ್ಟ್ ಮತ್ತು ಡ್ಯಾನ್ ಬ್ಯೂಲಿ ಇಳಿದರು. ಫಲಿತಾಂಶ 5–4. ಓಟವನ್ನು ನೋಡದವನೂ ಈ ಎರಡು ಅಂಕೆಗಳಿಂದ ನಡೆದದ್ದನ್ನೆಲ್ಲ ಹೇಳಬಲ್ಲ: 4, 3, 2, 0ಗಳಲ್ಲಿ 5 ಬರುವ ದಾರಿ ಒಂದೇ, 3 ಮತ್ತು 2. ಅಂದರೆ ಪೋಲೆಂಡಿನ ಒಬ್ಬ ಓಟ ಗೆದ್ದ, ಇನ್ನೊಬ್ಬ ಕೊನೆಗುಳಿದ, ನಡುವೆ ಅಂಟಿಕೊಂಡು ಬಂದ ಇಬ್ಬರು ಬ್ರಿಟಿಷರು ವಿಶ್ವ ಚಾಂಪಿಯನ್ನರಾದರು. 1989ರ ಬ್ರಾಡ್‌ಫರ್ಡ್ ನಂತರ ಆ ದೇಶಕ್ಕೆ ಸಿಕ್ಕ ಮೊದಲ ತಂಡ ಪ್ರಶಸ್ತಿ ಅದು. ಹಳೆಯ ಕ್ರಮದಲ್ಲಿ ಅದೇ ಓಟ 3–3 ಆಗಿ, ಗೆದ್ದವರು ಯಾರೆಂದು ನಿರ್ಧರಿಸಲು ಬೇರೆ ನಿಯಮ ಹುಡುಕಬೇಕಾಗುತ್ತಿತ್ತು.

ಈ ಜೋಡಿ ಪಂದ್ಯಾವಳಿಯ ಪಟ್ಟಿಯನ್ನು ವಿಶ್ವಕಪ್ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ನಿಯಮದ ಮಹಿಮೆ ಇನ್ನೂ ಸ್ಪಷ್ಟ. 2018, 2019, 2020ರಲ್ಲಿ ರಷ್ಯ, 2021ರಲ್ಲಿ ಗ್ರೇಟ್ ಬ್ರಿಟನ್, 2022ರಲ್ಲಿ ಆಸ್ಟ್ರೇಲಿಯ, 2024ರಲ್ಲಿ ಮತ್ತೆ ಗ್ರೇಟ್ ಬ್ರಿಟನ್. ನಾಲ್ವರ ತಂಡದ ವಿಶ್ವಕಪ್ಪನ್ನು ಒಂದೂ ಗೆಲ್ಲದ ರಷ್ಯ ಇಬ್ಬರು ಒಳ್ಳೆಯ ಸವಾರರ ಬಲದಿಂದ ಸತತ ಮೂರು ಬಾರಿ ಚಾಂಪಿಯನ್ ಆಯಿತು. ಒಂಬತ್ತು ವಿಶ್ವಕಪ್ ಗೆದ್ದ ಪೋಲೆಂಡ್ ಈ ಆರರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಯುಕ್ರೇನ್ ಯುದ್ಧದ ಕಾರಣ 2022ರಲ್ಲಿ ರಷ್ಯದ ಸವಾರರನ್ನು ಒಕ್ಕೂಟ ಅಮಾನತಿನಲ್ಲಿಟ್ಟಿತು. 2023ರಲ್ಲಿ ನಾಲ್ವರ ವಿಶ್ವಕಪ್ ಮರಳಿದಾಗ ಗೆದ್ದದ್ದು ಪೋಲೆಂಡೇ, ನನ್ನ ಸೋದರಳಿಯ ದೂಳು ತಿಂದು ಬಂದ ಆ ಸಂಜೆ.

ಜೋಡಿ ಪಂದ್ಯಾವಳಿಯ ಬಗ್ಗೆ ನನ್ನದೊಂದು ತಕರಾರು ಇದೆ. 21 ಓಟಗಳ ನಂತರ ಪಟ್ಟಿಯ ಮೊದಲ ಸ್ಥಾನದಲ್ಲಿರುವ ದೇಶಕ್ಕೆ ಸಿಗುವುದು ಅಂತಿಮ ಓಟಕ್ಕೆ ನೇರ ಪ್ರವೇಶ ಮಾತ್ರ. ಎರಡು ಮತ್ತು ಮೂರನೆಯ ಸ್ಥಾನದವರು ಸೆಮಿಫೈನಲ್ ಓಡಿ, ಅದರಲ್ಲಿ ಗೆದ್ದವರು ಅಂತಿಮ ಓಟಕ್ಕೆ ಬರುತ್ತಾರೆ. ಪ್ರಶಸ್ತಿ ಯಾರದೆಂದು ಆ ಒಂದು ನಿಮಿಷದಲ್ಲಿ ತೀರ್ಮಾನ. ನಮ್ಮೂರಿನ ಪಂದ್ಯಾವಳಿಗಳ ಭಿತ್ತಿಪತ್ರದಲ್ಲಿ ‘ಲೀಗ್ ಕಮ್ ನಾಕೌಟ್’ ಎಂದು ದಪ್ಪ ಅಕ್ಷರದಲ್ಲಿ ಹಾಕುವ ಪದ್ಧತಿಯೇ ಇದು. ವಾಲಿಬಾಲಿನಲ್ಲಿ ಫೈನಲ್ ಮೂರೋ ಐದೋ ಸೆಟ್ ನಡೆಯುವುದರಿಂದ ಒಂದು ತಪ್ಪನ್ನು ತಿದ್ದಿಕೊಳ್ಳಲು ಸಮಯವಿರುತ್ತದೆ, ಇಲ್ಲಿ ಹೊರಡುವ ಗೆರೆಯ ಅಡ್ಡಪಟ್ಟಿಗೆ ಹೆಲ್ಮೆಟ್ ತಗುಲಿದರೂ ಸಂಜೆಯ ದುಡಿಮೆ ನೀರಿನಲ್ಲಿ ಹೋಮ. ಟಿಕೆಟ್ ಕೊಂಡು ಕೂತವರಿಗೆ ಇದೇ ಇಷ್ಟವಿರಬಹುದು. ಇಪ್ಪತ್ತು ಸಾಲುಗಳನ್ನು ಕೊನೆಯವರೆಗೆ ಕೂಡಿಸಿ, ಕೂಡಿಸಿದ್ದೇ ಫಲಿತಾಂಶವಾಗುವ ಹಳೆಯ ಪಟ್ಟಿಯ ಕಡೆಗೇ ನನ್ನ ಒಲವು.

ಸೋದರಳಿಯ ಮೊನ್ನೆ ಫೋನ್ ಮಾಡಿ, ಮುಂದೆ ಎಲ್ಲಾದರೂ ಜೋಡಿ ಓಟ ನಡೆದರೆ ನೋಡಲು ಹೋಗುವುದಾಗಿ ಹೇಳಿದ. ಅವನ ವ್ರೋಟ್ಸ್‌ವಾಫ್ ಹಾಳೆಯನ್ನು ಹಿಂದಿರುಗಿಸುವಾಗ ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಕೊಟ್ಟಿದ್ದೆ: ‘ಜೋಡಿ ಓಟದಲ್ಲಿ ಸಾಲಿಗೆ 9. ಕೂಡಿಸಿ ನೋಡು.’